ಘಟ್ಟದ ಮೇಲೂ ಕೆಳಗೂ ಬಾಳುವ ಮಗ್: ಹೊರಾಂಗಣ ಅಡುಗೆಗೆ ಲೋಹದ ಮಗ್ ಆರಿಸುವ ಕ್ರಮ

ಒಬ್ಬರೋ ಇಬ್ಬರೋ ಹೊರಟಾಗ ಬೇಯಿಸಲೊಂದು ಪಾತ್ರೆ, ಕುಡಿಯಲೊಂದು ಲೋಟ, ಉಣ್ಣಲೊಂದು ಬಟ್ಟಲು ಹೊರಬೇಕಾಗಿಲ್ಲ. ಸರಿಯಾಗಿ ಆರಿಸಿದ ಒಂದು ಲೋಹದ ಮಗ್ ಮೂರಕ್ಕೂ ಸಾಕು. ಅದರಲ್ಲೇ ನೀರು ಕುದಿಸಬಹುದು, ಕಷಾಯ ಮಾಡಿ ಹಾಗೇ ಕುಡಿಯಬಹುದು, ರವೆ ಗಂಜಿ ಬೇಯಿಸಿ ಚಮಚ ಹಾಕಿ ತಿನ್ನಬಹುದು.

ಇಂಥ ಮಗ್‌ಗಳ ಬಗ್ಗೆ ಸಿಗುವ ಸಲಹೆ ಬಹುಪಾಲು ಹಿಮದ ಬೆಟ್ಟ ಹತ್ತುವವರಿಗೆಂದು ಬರೆದದ್ದು. ಅಲ್ಲಿ ಎಲ್ಲದಕ್ಕಿಂತ ತೂಕ ಮುಖ್ಯ. ಉತ್ತರ ಕನ್ನಡದಲ್ಲಿ ಲೆಕ್ಕವೇ ಬೇರೆ. ಘಟ್ಟದ ಕೆಳಗೆ ಮಾಜಾಳಿಯಿಂದ ಭಟ್ಕಳದವರೆಗೆ ಉಪ್ಪುಗಾಳಿ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ಮಳೆ, ಆರದ ತೇವ. ಎರಡೂ ಕಡೆ ಊಟದಲ್ಲಿ ಹುಳಿ ಇದ್ದೇ ಇರುತ್ತದೆ. ಹಾಗಾಗಿ ನಮ್ಮ ಮಗ್ ಮೊದಲು ಹುಳಿ ಮತ್ತು ಉಪ್ಪನ್ನು ತಾಳಬೇಕು. ತೂಕದ ಪ್ರಶ್ನೆ ಅದರ ನಂತರದ್ದು.

ಹಂತ 1: ಏನು ಬೇಯಿಸುತ್ತೀರಿ, ಯಾವ ಬೆಂಕಿಯಲ್ಲಿ?

ಅಂಗಡಿಗೆ ಹೋಗುವ ಮೊದಲು ಒಂದು ಚೀಟಿಯಲ್ಲಿ ನಿಮ್ಮ ತಿರುಗಾಟದ ಊಟ ಬರೆದುಕೊಳ್ಳಿ. ಬರೀ ಚಹಾ, ಕಷಾಯವೇ? ಅವಲಕ್ಕಿ ನೆನೆಸಲು ಬಿಸಿನೀರು ಮಾತ್ರವೇ? ಅಥವಾ ಉಪ್ಪಿಟ್ಟು, ಗಂಜಿ, ಹುಳಿ ಮಾವಿನಕಾಯಿಯ ಅಪ್ಪೆಹುಳಿಯವರೆಗೂ ಹೋಗುವ ಮನಸ್ಸಿದೆಯೇ? ನೀರಷ್ಟೇ ಕುದಿಸುವವರಿಗೆ ತೆಳ್ಳಗಿನ ಹಗುರ ಮಗ್ ಸಾಕು. ಹಾಲು, ರವೆ, ಬೆಲ್ಲ ಬೀಳುವುದಾದರೆ ತಳ ದಪ್ಪ ಇರಬೇಕು, ಬಾಯಿ ಅಗಲ ಇರಬೇಕು. ಕುಚ್ಚಲಕ್ಕಿಯ ಆಸೆ ಮಾತ್ರ ಬಿಟ್ಟುಬಿಡಿ. ಅದು ಬೇಯುವಷ್ಟರಲ್ಲಿ ಗ್ಯಾಸೂ ಮುಗಿಯುತ್ತದೆ, ನೀರೂ ಮುಗಿಯುತ್ತದೆ.

ಇನ್ನು ಬೆಂಕಿ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗಂತೂ ಒಲೆಯ ಯೋಚನೆಯನ್ನೇ ಮಾಡಬೇಡಿ, ಅಲ್ಲಿ ಬುತ್ತಿಯೇ ಸರಿ. ನೀವು ಬೇಯಿಸುವ ಜಾಗ ಯಾವುದೆಂದರೆ ಪರಿಚಯದವರ ತೋಟ, ಬೆಟ್ಟದ ಮನೆಯ ಅಂಗಳ, ಅನುಮತಿ ಇರುವ ಕ್ಯಾಂಪು, ಅಥವಾ ಅಡ್ಡಿಯಿಲ್ಲದ ಕಡಲತಡಿ. ಸಿದ್ದಾಪುರದ ಕಡೆಯವರಿಗೆ ಇನ್ನೊಂದು ಮಾತು. ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆ ಹರಡುವ ಕಾಲ. ಅದನ್ನು ಹಬ್ಬಿಸುವ ಉಣುಗುಗಳು ಇರುವುದು ಕಾಡಿನ ದರಕಿನಲ್ಲೇ, ಅಂದರೆ ಉದುರಿದ ಒಣ ಎಲೆಗಳಲ್ಲೇ. ಆ ದಿನಗಳಲ್ಲಿ ಪುಳ್ಳೆ ಆರಿಸುತ್ತ ಕಾಡಿನೊಳಗೆ ತಿರುಗುವುದಕ್ಕಿಂತ ಚಿಕ್ಕ ಗ್ಯಾಸ್ ಒಲೆ ಒಯ್ಯುವುದು ಎಷ್ಟೋ ಮೇಲು.

ಸೌದೆ ಒಲೆ ಬಳಸುವವರ ಮಗ್‌ನಲ್ಲಿ ಪ್ಲಾಸ್ಟಿಕ್, ರಬ್ಬರ್, ಸಿಲಿಕೋನ್ ಯಾವುದೂ ಇರಬಾರದು. ಜ್ವಾಲೆ ಪಕ್ಕಕ್ಕೆ ಹೊರಳಿದರೆ ಅವು ಸುಟ್ಟುಹೋಗುತ್ತವೆ. ಗ್ಯಾಸ್ ಒಲೆಯವರಿಗೆ ಅಷ್ಟು ಕಟ್ಟುನಿಟ್ಟು ಬೇಡ.

ಹಂತ 2: ಲೋಹ

ಇಡೀ ಆಯ್ಕೆ ನಿಂತಿರುವುದು ಇದರ ಮೇಲೆ. ಇಲ್ಲಿ ಅವಸರ ಮಾಡಬೇಡಿ.

ಅಲ್ಯೂಮಿನಿಯಂ ಅಗ್ಗ, ಹಗುರ, ಬೇಗ ಕಾಯುತ್ತದೆ. ಸ್ಟೇನ್‌ಲೆಸ್ ಸ್ಟೀಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖ ಹರಡುವುದರಿಂದ ಹಾಲು ಸುಲಭಕ್ಕೆ ತಳ ಹಿಡಿಯುವುದಿಲ್ಲ. ಆದರೆ ಬರಿಯ ಅಲ್ಯೂಮಿನಿಯಂ ಹುಳಿಗೂ ಕರಗುತ್ತದೆ, ಕ್ಷಾರಕ್ಕೂ ಕರಗುತ್ತದೆ. ಮುರುಗಲು ಸಿಪ್ಪೆ ನೆನೆಸಿದ ನೀರನ್ನೋ ಅಪ್ಪೆಕಾಯಿ ಬೇಯಿಸಿ ಕಿವುಚಿದ ರಸವನ್ನೋ ಅದರಲ್ಲಿ ಕುದಿಸಿದರೆ ಒಳಮೈಯ ಹೊಳಪು ಹೋಗಿ ಮಂಕಾಗುತ್ತದೆ, ರಸಕ್ಕೆ ಲೋಹದ ಒಗರು ಬರುತ್ತದೆ. ಮಜ್ಜಿಗೆ, ತಂಬುಳಿ ಇಟ್ಟರೂ ಅದೇ ಕತೆ. ಆನೊಡೈಸ್ ಮಾಡಿದ ಅಲ್ಯೂಮಿನಿಯಂ ಇದಕ್ಕಿಂತ ವಾಸಿ. ಅದರ ಮೈಮೇಲೆ ಗಟ್ಟಿಯಾದ ಆಕ್ಸೈಡ್ ಪದರ ಬೆಳೆಸಿರುತ್ತಾರೆ. ಆದರೆ ಸ್ಟೀಲ್ ಚಮಚದಿಂದ ಕೆರೆದೂ ಕೆರೆದೂ ಆ ಪದರ ಸವೆದರೆ ಒಳಗಿರುವುದು ಅದೇ ಹಳೆಯ ಅಲ್ಯೂಮಿನಿಯಂ. ಇನ್ನೊಂದು ತೊಂದರೆ ತುಟಿಯದು. ಶಾಖ ಚೆನ್ನಾಗಿ ಹರಡುವ ಲೋಹವಾದ್ದರಿಂದ ಅಂಚು ಕೂಡ ಚಹಾದಷ್ಟೇ ಬಿಸಿಯಾಗಿ ಕುಡಿಯುವವರ ತುಟಿ ಸುಡುತ್ತದೆ. ಅಲ್ಯೂಮಿನಿಯಂ ಅನ್ನು ನಾನು ನೀರು ಕಾಯಿಸುವ ಪಾತ್ರೆಯಾಗಿ ಒಪ್ಪುತ್ತೇನೆ, ಕುಡಿಯುವ ಮಗ್ ಆಗಿ ಒಪ್ಪುವುದಿಲ್ಲ.

ಹಿತ್ತಾಳೆ, ತಾಮ್ರದ ಚೊಂಬು ನಮ್ಮ ಮನೆಗಳಲ್ಲಿ ಇದ್ದೇ ಇರುತ್ತವೆ, ಅದನ್ನೇ ಒಯ್ದರಾಯಿತು ಎಂದು ಅನೇಕರಿಗೆ ಅನ್ನಿಸುತ್ತದೆ. ಕಲಾಯಿ ಇಲ್ಲದಿದ್ದರೆ ಹುಳಿ ಪದಾರ್ಥಕ್ಕೆ ಅವು ಸಲ್ಲವು, ತಾಮ್ರ ಬಿಟ್ಟುಕೊಳ್ಳುತ್ತದೆ. ಕಲಾಯಿ ಇದ್ದರೂ ಹೊರಗಿನ ಬೆಂಕಿಗೆ ಕಷ್ಟ. ಕಲಾಯಿಯ ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ಗೆ. ಒಳಗೆ ನೀರಿರುವಷ್ಟು ಹೊತ್ತು ಭಯವಿಲ್ಲ. ನೀರು ಆರಿಹೋಗಿ ಬರಿಯ ಚೊಂಬು ಸೌದೆ ಬೆಂಕಿಯ ಮೇಲೆ ಕೆಲವೇ ನಿಮಿಷ ಉಳಿದರೂ ಕಲಾಯಿ ಕರಗಿ ಓಡುತ್ತದೆ. ಅದು ಮನೆಯಲ್ಲೇ ಇರಲಿ.

ಎನಾಮೆಲ್ ಮಗ್ ನೋಡಲು ಚಂದ. ಉಕ್ಕಿನ ತಗಡಿನ ಮೇಲೆ ಗಾಜಿನ ಪುಡಿ ಹಚ್ಚಿ, ಹೆಚ್ಚಿನ ಶಾಖದಲ್ಲಿ ಕರಗಿಸಿ ಅಂಟಿಸಿರುತ್ತಾರೆ. ಆ ಗಾಜಿನ ಪದರ ಇಡಿಯಾಗಿರುವವರೆಗೆ ಹುಳಿಯಾಗಲಿ ಉಪ್ಪಾಗಲಿ ಅದನ್ನು ಏನೂ ಮಾಡವು. ಆದರೆ ಕಲ್ಲಿನ ಮೇಲೆ ಬಿದ್ದರೆ, ಕಾದ ಮಗ್‌ಗೆ ತಣ್ಣೀರು ಸುರಿದರೆ ಚಕ್ಕೆ ಏಳುತ್ತದೆ. ಒಳಗಿನದು ಸಾದಾ ಉಕ್ಕು. ಗೋಕರ್ಣದ ಓಂ ಬೀಚಿನಿಂದ ಪ್ಯಾರಡೈಸ್ ಬೀಚಿನವರೆಗಿನ ಕಾಲುದಾರಿಯಂಥ ಕಲ್ಲುಬಂಡೆಯ ತೀರದಲ್ಲಿ ಚಕ್ಕೆ ಎದ್ದ ಮಗ್ ಒಯ್ದರೆ ಉಪ್ಪುಗಾಳಿ ಆ ಜಾಗವನ್ನು ಬೇಗನೆ ತುಕ್ಕು ಹಿಡಿಸುತ್ತದೆ. ಜಗಲಿಯಲ್ಲಿ ಕೂತು ಚಹಾ ಕುಡಿಯುವುದಕ್ಕೆ ಎನಾಮೆಲ್ ಒಳ್ಳೆಯದು, ಚೀಲದಲ್ಲಿ ಹೊರುವುದಕ್ಕಲ್ಲ.

ಟೈಟಾನಿಯಂ ಹಗುರ, ಗಟ್ಟಿ. ಸಮುದ್ರದ ಉಪ್ಪೂ ಅಡುಗೆಯ ಹುಳಿಯೂ ಅದಕ್ಕೆ ತಾಗವು. 750 ಮಿಲಿಲೀಟರಿನ ಸ್ಟೀಲ್ ಮಗ್ ಸುಮಾರು 200ರಿಂದ 250 ಗ್ರಾಂ ತೂಗಿದರೆ ಅದೇ ಅಳತೆಯ ಟೈಟಾನಿಯಂ ಮಗ್ ಸುಮಾರು 100 ಗ್ರಾಂ ಇರುತ್ತದೆ. ಬೆಲೆ ಮಾತ್ರ ಸ್ಟೀಲಿನ ಹಲವು ಪಟ್ಟು. ಇದರ ಗೋಡೆ ತೀರಾ ತೆಳ್ಳಗೆ, ಶಾಖ ಹರಡುವುದೂ ಕಡಿಮೆ. ಹಾಗಾಗಿ ಜ್ವಾಲೆ ತಾಗಿದ ಜಾಗವೇ ಅತಿಯಾಗಿ ಕಾದು, ಹಾಲು, ರವೆ, ಬೆಲ್ಲ ಅಲ್ಲಲ್ಲೇ ಸೀಯುತ್ತವೆ. ದಿನಗಟ್ಟಲೆ ಬೆನ್ನ ಮೇಲೆ ಹೊರುವವರು, ನೀರಷ್ಟೇ ಕುದಿಸುವವರು ಕೊಳ್ಳಲಿ. ಬೆಂಕಿ ತಾಗಿದಾಗ ಮೈಮೇಲೆ ನೀಲಿ, ಹೊಂಬಣ್ಣದ ಛಾಯೆ ಬರುವುದು ಸಹಜ, ಅದರಿಂದ ಏನೂ ಕೆಡುಕಿಲ್ಲ.

ಉಳಿದದ್ದು ಸ್ಟೇನ್‌ಲೆಸ್ ಸ್ಟೀಲ್. ಈ ಜಿಲ್ಲೆಗೆ ನಾನು ಹೇಳುವುದು ಇದನ್ನೇ. ಆದರೆ ಸ್ಟೀಲ್ ಎಂದರೆ ಒಂದೇ ಅಲ್ಲ. 304 ದರ್ಜೆಯದರಲ್ಲಿ ಸುಮಾರು 18 ಪ್ರತಿಶತ ಕ್ರೋಮಿಯಂ, 8 ಪ್ರತಿಶತ ನಿಕ್ಕಲ್ ಇರುತ್ತದೆ. ಪಾತ್ರೆಗಳ ಮೇಲೆ 18/8 ಎಂದು ಕೊರೆದಿರುವುದು ಇದನ್ನೇ. 201, 202 ದರ್ಜೆಗಳಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಒಳನಾಡಿನ ಒಣಹವೆಯಲ್ಲಿ ಅವು ಹೇಗೋ ನಡೆಯುತ್ತವೆ. ಕಾರವಾರ, ಅಂಕೋಲೆಯ ಗಾಳಿಯಲ್ಲಿ ಬೇಗ ಕಂದು ಚುಕ್ಕೆ ಬೀಳುತ್ತದೆ. 316 ದರ್ಜೆಯಲ್ಲಿ 2ರಿಂದ 3 ಪ್ರತಿಶತ ಮಾಲಿಬ್ಡಿನಂ ಇರುವುದರಿಂದ ಉಪ್ಪಿಗೆ ಇನ್ನೂ ಗಟ್ಟಿ. ಆದರೆ ತಿರುಗಾಟ ಮುಗಿಸಿ ಬಂದು ಸಿಹಿನೀರಲ್ಲಿ ತೊಳೆದು ಒರೆಸಿಡುವವರಿಗೆ 304 ಧಾರಾಳ ಸಾಕು.

ಎರಡು ಪದರದ, ನಡುವೆ ಗಾಳಿ ತೆಗೆದ ಬಿಸಿ ಹಿಡಿಯುವ ಮಗ್‌ಗಳನ್ನು ಎಂದಿಗೂ ಬೆಂಕಿಯ ಮೇಲೆ ಇಡಬಾರದು. ನಡುವಿನ ಜಾಗವನ್ನು ಪೂರ್ತಿ ಮುಚ್ಚಿ ಬೆಸೆದಿರುತ್ತಾರೆ. ಅಲ್ಲಿ ಉಳಿದ ಗಾಳಿಯೋ ಸೀಳಿನಿಂದ ಸೇರಿಕೊಂಡ ತೇವವೋ ಕಾದು ಹಿಗ್ಗಿದರೆ ಮಗ್ ಒಡೆದು ಸಿಡಿಯಬಹುದು. ಒಲೆಗೆ ಏಕಪದರದ ಮಗ್ ಮಾತ್ರ. ಯಾರೋ ಮಾಡಿಕೊಟ್ಟ ಚಹಾ ಹಿಡಿದು ಕೂರುವ ಕ್ಯಾಂಪಿಗೆ ಎರಡು ಪದರದ್ದು ಒಯ್ಯಿರಿ.

ಹಂತ 3: ಅಳತೆ, ಆಕಾರ

ಡಬ್ಬದ ಮೇಲೆ ಬರೆಯುವುದು ಕಂಠಮಟ್ಟ ತುಂಬಿದ ಅಳತೆ. ನೀರನ್ನು ಮುಕ್ಕಾಲು ಪಾಲು, ಹಾಲು ಬೆರೆಸಿದ ಕಷಾಯವನ್ನು ಅರ್ಧಕ್ಕಿಂತ ತುಸು ಮೇಲೆ ಕುದಿಸಬಹುದು, ಅದಕ್ಕಿಂತ ಹೆಚ್ಚಾದರೆ ಉಕ್ಕುತ್ತದೆ. 450 ಮಿಲಿಲೀಟರಿನ ಮಗ್ ಒಬ್ಬರ ಚಹಾಕ್ಕೆ ಸರಿ, ಊಟಕ್ಕೆ ಸಾಲದು. ಒಬ್ಬರು ಬೇಯಿಸಿ ಉಣ್ಣಲು 700ರಿಂದ 750 ಹದವಾದ ಅಳತೆ. ಇಬ್ಬರಿಗೆ 900 ದಾಟಬೇಕು, ಆದರೆ ಅಷ್ಟು ದೊಡ್ಡದನ್ನು ಬಾಯಿಗೆತ್ತಿ ಕುಡಿಯುವುದು ಕಷ್ಟ. ಇಬ್ಬರಾದರೆ 900ರ ಒಂದು ಮಗ್ ಜೊತೆಗೆ ಮನೆಯ ಒಂದು ಸ್ಟೀಲ್ ಲೋಟ ಸೇರಿಸಿಕೊಳ್ಳಿ.

ಒಂದೇ ಅಳತೆಯೂ ಎರಡು ಆಕಾರದಲ್ಲಿ ಸಿಗುತ್ತದೆ. 9.5 ಸೆಂಟಿಮೀಟರ್ ಅಗಲ, 11 ಸೆಂಟಿಮೀಟರ್ ಎತ್ತರದ ಮಗ್‌ನಲ್ಲೂ, 12 ಸೆಂಟಿಮೀಟರ್ ಅಗಲ, 7 ಸೆಂಟಿಮೀಟರ್ ಎತ್ತರದ ಮಗ್‌ನಲ್ಲೂ ಹಿಡಿಯುವ ನೀರು ಹೆಚ್ಚುಕಡಿಮೆ ಒಂದೇ, ಮುಕ್ಕಾಲು ಲೀಟರಿಗಿಂತ ತುಸು ಜಾಸ್ತಿ. ಗಿಡ್ಡ, ಅಗಲದ ಮಗ್ ಜ್ವಾಲೆಯನ್ನು ಪೂರಾ ಹಿಡಿದು ಬೇಗ ಕುದಿಯುತ್ತದೆ, ಚಮಚ ಮೂಲೆಮೂಲೆಗೂ ಹೋಗುತ್ತದೆ, ತೊಳೆಯಲು ಕೈ ಒಳಗೆ ಇಳಿಯುತ್ತದೆ. ಎತ್ತರದ್ದು ಚೀಲದಲ್ಲಿ ಚೆನ್ನಾಗಿ ಕೂರುತ್ತದೆ, ಬಿಸಿ ಹೆಚ್ಚು ಹೊತ್ತು ಹಿಡಿಯುತ್ತದೆ, ಸೌದೆ ಬೆಂಕಿಯ ಪಕ್ಕಕ್ಕೆ ಸರಿಸಿ ಇಡಲೂ ಅನುಕೂಲ. ಬೇಯಿಸುವ ಉಮೇದಿದ್ದವರು ಅಗಲದ್ದನ್ನೇ ಕೊಳ್ಳಿ.

ಗ್ಯಾಸ್ ಡಬ್ಬಿಯನ್ನು ಮಗ್ ಒಳಗೆ ಇಟ್ಟು ಒಯ್ಯುವ ಯೋಚನೆ ಇದ್ದರೆ ಒಳಗಲ ಅಳೆಯಿರಿ. ಒಲೆಗೆ ತಿರುಪಿ ಕೂರಿಸುವ 100 ಗ್ರಾಂ ಗ್ಯಾಸಿನ ಡಬ್ಬಿ ಸುಮಾರು 9 ಸೆಂಟಿಮೀಟರ್ ಅಗಲ, 230 ಗ್ರಾಮಿನದು ಸುಮಾರು 11. ದೊಡ್ಡ ಡಬ್ಬಿ ಎತ್ತರದ ಮಗ್‌ನೊಳಗೆ ಇಳಿಯುವುದಿಲ್ಲ.

ಹಂತ 4: ಹಿಡಿಕೆ, ಅಂಚು, ಮುಚ್ಚಳ

ಹಿಡಿಕೆಯನ್ನು ಮಗ್‌ಗೆ ಹೇಗೆ ಕೂರಿಸಿದ್ದಾರೆ ಎಂದು ಹತ್ತಿರದಿಂದ ನೋಡಿ. ಒಳಗೆ ಮೊಳೆಯ ತಲೆ ಕಂಡರೆ ಅದು ರಿವೆಟ್, ಒಳಮೈ ನುಣ್ಣಗಿದ್ದರೆ ಬೆಸುಗೆ. ರಿವೆಟ್ ಗಟ್ಟಿ, ಆದರೆ ಅದರ ಸುತ್ತ ರವೆ, ಬೆಲ್ಲ ಸೇರಿಕೊಂಡು ತೊಳೆಯಲು ಬರುವುದಿಲ್ಲ. ಬೆಸುಗೆ ಇದ್ದರೆ ಪ್ರತಿ ಕೊಂಡಿಗೂ ಕನಿಷ್ಠ ಎರಡು ಚುಕ್ಕೆ ಬೆಸುಗೆ ಇದೆಯೇ ನೋಡಿ, ಹಿಡಿಕೆ ಹಿಡಿದು ಅತ್ತಿತ್ತ ಹೊರಳಿಸಿ. ಕರಾವಳಿಯವರು ಒಂದು ವಿಷಯವನ್ನು ನೆನಪಿಡಲೇಬೇಕು. ಸ್ಟೀಲ್ ಮಗ್‌ಗೆ ಅಲ್ಯೂಮಿನಿಯಂ ರಿವೆಟ್ ಹೊಡೆದದ್ದನ್ನು ಕೊಳ್ಳಬೇಡಿ. ಎರಡು ಬೇರೆ ಲೋಹ ಒಂದಕ್ಕೊಂದು ತಾಗಿ, ನಡುವೆ ಉಪ್ಪುತೇವ ಕೂತರೆ ಅಲ್ಯೂಮಿನಿಯಂ ತಿನ್ನಿಸಿಕೊಳ್ಳುತ್ತದೆ. ರಿವೆಟ್ ಸುತ್ತ ಬಿಳಿ ಪುಡಿ ಕಾಣಿಸಿಕೊಂಡು, ಕೊನೆಗೊಂದು ದಿನ ಕುದಿಯುವ ಚಹಾ ತುಂಬಿದ ಮಗ್ ಹಿಡಿಕೆಯಿಂದ ಕಳಚುತ್ತದೆ.

ಮಡಚುವ ತಂತಿ ಹಿಡಿಕೆ ಚೀಲಕ್ಕೆ ಅನುಕೂಲ. ಬಿಡಿಸಿದಾಗ ಎರಡೂ ತಂತಿ ಒಂದಕ್ಕೊಂದು ಒತ್ತಿ ನಿಲ್ಲಬೇಕು, ಜಾರಬಾರದು. ಸೌದೆ ಒಲೆಯವರಿಗೆ ಮೇಲಿನಿಂದ ತೂಗುಹಾಕುವ ತಂತಿ ಇದ್ದರೆ ಒಳ್ಳೆಯದು, ಕೋಲು ತೂರಿಸಿ ಬೆಂಕಿಯಿಂದ ಎತ್ತಬಹುದು. ಹಿಡಿಕೆಯೇ ಇಲ್ಲದ ನೇರ ಗೋಡೆಯ ಸ್ಟೀಲ್ ಡಬ್ಬಿ ಮತ್ತು ಅಡುಗೆಮನೆಯ ಇಕ್ಕಳ, ಇವೆರಡರ ಜೋಡಿಯೂ ಚೆನ್ನಾಗಿ ನಡೆಯುತ್ತದೆ. ದುಡ್ಡು ಕಡಿಮೆ ಇರುವ ವಿದ್ಯಾರ್ಥಿಗಳಿಗೆ ನಾನು ಅದನ್ನೇ ಹೇಳುವುದು.

ಅಂಚು ಹೊರಕ್ಕೆ ಸುರುಳಿ ಮಡಚಿರಬೇಕು, ಬೆರಳಾಡಿಸಿದರೆ ಎಲ್ಲೂ ಚುಚ್ಚಬಾರದು. ಆದರೆ ಮಡಿಕೆಯ ಕೆಳಗೆ ಸಂದು ಉಳಿದಿದ್ದರೆ ಉಪ್ಪುನೀರು ಅಲ್ಲಿ ಕೂತು ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಸಂದು ಪೂರ್ತಿ ಮುಚ್ಚಿದ ಅಂಚು ನೋಡಿ ತೆಗೆದುಕೊಳ್ಳಿ.

ಮುಚ್ಚಳ ಬೇಕೇ ಬೇಕು. ಅರ್ಧ ಲೀಟರ್ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು ಸುಮಾರು 157 ಕಿಲೋಜೂಲ್ ಶಾಖ ಬೇಕು. ಒಲೆಯ ಶಾಖದ ಅರ್ಧದಷ್ಟೇ ನೀರಿಗೆ ಸೇರುತ್ತದೆ ಎಂದಿಟ್ಟುಕೊಂಡರೂ ಆರೇಳು ಗ್ರಾಂ ಗ್ಯಾಸಿನಲ್ಲಿ ಮುಗಿಯುವ ಕೆಲಸ. ಮಧ್ಯಾಹ್ನದ ಕಡಲಗಾಳಿಯಲ್ಲಿ ಮುಚ್ಚಳವಿಲ್ಲದೆ ಇಟ್ಟರೆ ಅದಕ್ಕಿಂತ ಎಷ್ಟೋ ಹೆಚ್ಚು ಗ್ಯಾಸ್ ಸುಟ್ಟರೂ ನೀರು ಕುದಿಗೆ ಬರುವುದಿಲ್ಲ. ಮುಚ್ಚಳದಲ್ಲಿ ಆವಿ ಹೋಗಲು ತೂತಿರಲಿ, ಹಿಡಿಯಲು ಲೋಹದ ಉಂಗುರವಿರಲಿ. ಮುಚ್ಚಳ ಬರದ ಮಗ್ ಇಷ್ಟವಾದರೆ ಪಾತ್ರೆ ಅಂಗಡಿಯಲ್ಲೇ ಅದಕ್ಕೊಪ್ಪುವ ಚಿಕ್ಕ ಸ್ಟೀಲ್ ತಟ್ಟೆ ಹುಡುಕಿ.

ಹಂತ 5: ಅಂಗಡಿಯಲ್ಲಿ

ಶಿರಸಿ, ಕುಮಟಾ, ಕಾರವಾರದ ಪಾತ್ರೆ ಅಂಗಡಿಗಳಲ್ಲಿ ಕೈಯಲ್ಲಿ ಹಿಡಿದು ನೋಡಿ ಕೊಳ್ಳುವುದು ಒಳ್ಳೆಯದು. ಆನ್‌ಲೈನಿನಲ್ಲಿ ತರಿಸುವುದಾದರೆ ಹಿಂತಿರುಗಿಸುವ ಅವಕಾಶ ಇರಲಿ. ತಳದಲ್ಲಿ 304 ಅಥವಾ 18/8 ಗುರುತು ಹುಡುಕಿ. ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆಗಳಿಗೆ ಐಎಸ್ 14756 ಎಂಬ ಭಾರತೀಯ ಮಾನದಂಡವಿದೆ. ಐಎಸ್‌ಐ ಗುರುತಿನ ಜೊತೆ ಆ ಸಂಖ್ಯೆ ಇದ್ದರೆ ನಂಬಿಕೆ ಹೆಚ್ಚು.

ಆಯಸ್ಕಾಂತ ಅಂಟದಿದ್ದರೆ ಒಳ್ಳೆಯ ಸ್ಟೀಲ್ ಎಂಬ ಮಾತು ಅಂಗಡಿಗಳಲ್ಲಿ ರೂಢಿಯಲ್ಲಿದೆ. ಅದು ಅರ್ಧ ನಿಜ. ಅಗ್ಗದ 430 ದರ್ಜೆಯ ಸ್ಟೀಲಿಗೆ ಆಯಸ್ಕಾಂತ ಗಟ್ಟಿಯಾಗಿ ಅಂಟುತ್ತದೆ, ಸರಿ. ಆದರೆ 202ಕ್ಕೂ ಅಂಟುವುದಿಲ್ಲ, 304ಕ್ಕೂ ಅಂಟುವುದಿಲ್ಲ. ಅಷ್ಟೇ ಅಲ್ಲ, ಒತ್ತಿ ಎಳೆದು ಮಾಡಿದ 304ರ ತಿರುವುಗಳಲ್ಲಿ ಸ್ವಲ್ಪ ಅಂಟಲೂಬಹುದು. ಆದ್ದರಿಂದ ಇದೊಂದನ್ನೇ ನಂಬಿ ತೀರ್ಮಾನ ಮಾಡಬೇಡಿ.

ನಿಮ್ಮ ಒಲೆಯನ್ನು ಜೊತೆಗೆ ಒಯ್ದು ಅದರ ಕಾಲುಗಳ ಮೇಲೆ ಮಗ್ ಇಟ್ಟು ನೋಡಿ. ತಳ ಕಿರಿದಾಗಿದ್ದರೆ ಕಾಲುಗಳ ನಡುವೆ ಓಲಾಡುತ್ತದೆ. ಹಿಡಿಕೆ ಬಿಡಿಸಿದಾಗ ಖಾಲಿ ಮಗ್ ಒಂದು ಕಡೆ ವಾಲಿದರೆ ಅದನ್ನು ಬಿಟ್ಟು ಬೇರೆ ಹುಡುಕಿ.

ಹಂತ 6: ಮನೆಯಲ್ಲಿ ಪರೀಕ್ಷೆ

ಹೊಸ ಮಗ್‌ಗೆ ಕಾರ್ಖಾನೆಯ ಎಣ್ಣೆ ಅಂಟಿರುತ್ತದೆ. ಬಿಸಿನೀರು, ಸೋಪಿನಲ್ಲಿ ತೊಳೆದು, ನಿಂಬೆಹಣ್ಣಿನ ಹೋಳು ಹಾಕಿ ಒಮ್ಮೆ ನೀರು ಕುದಿಸಿ ಚೆಲ್ಲಿ. ಅಡುಗೆಮನೆಯ ತಕ್ಕಡಿ ಇದ್ದರೆ ಖಾಲಿ ಮಗ್ ತೂಗಿ, ನೀರು ತುಂಬಿಸಿ ಮತ್ತೆ ತೂಗಿ. ಎಷ್ಟು ಗ್ರಾಂ ಹೆಚ್ಚಾಯಿತೋ ಅಷ್ಟು ಮಿಲಿಲೀಟರ್ ಹಿಡಿಯುತ್ತದೆ. ಒಳಗೆ ಅಳತೆಯ ಗೆರೆ ಇದ್ದರೆ ಅದು ಸರಿಯಿದೆಯೇ ಎಂಬುದೂ ಆಗಲೇ ತಿಳಿಯುತ್ತದೆ.

ಆಮೇಲೆ ಉಪ್ಪಿನ ಪರೀಕ್ಷೆ. ಗಟ್ಟಿಯಾಗಿ ಉಪ್ಪು ಕದಡಿದ ನೀರನ್ನು ರಾತ್ರಿಯಿಡೀ ಮಗ್‌ನಲ್ಲಿಟ್ಟು, ಬೆಳಿಗ್ಗೆ ಚೆಲ್ಲಿ, ತೊಳೆಯದೆ ಸಂಜೆಯವರೆಗೆ ಹಾಗೇ ಆರಲು ಬಿಡಿ. ಕಂದು ಚುಕ್ಕೆಗಳು ಎದ್ದರೆ ಅದು ಕರಾವಳಿಗೆ ಒಗ್ಗುವ ಸ್ಟೀಲಲ್ಲ, ಅಂಗಡಿಗೆ ವಾಪಸ್ ಕೊಡಿ.

ಕೊನೆಯದು ಕಷಾಯ. ಅರ್ಧ ಮಗ್ ನೀರಿಗೆ ಕೊತ್ತಂಬರಿ, ಜೀರಿಗೆ, ಕಾಳುಮೆಣಸಿನ ಪುಡಿ ಹಾಕಿ ಕುದಿ ಬಂದ ಮೇಲೆ ಜೋನಿಬೆಲ್ಲ ಬೆರೆಸಿ, ಕೊನೆಗೆ ಹಾಲು ಹೊಯ್ದು ಸಣ್ಣ ಉರಿಯಲ್ಲಿ ಒಂದು ಕುದಿ ಬರಿಸಿ. ಉಕ್ಕಿ ಬರುವಾಗ ಹಿಡಿಕೆ ಹಿಡಿದು ಎತ್ತಲು ಆಗುತ್ತದೆಯೇ? ಇಳಿಸಿದ ಎರಡು ನಿಮಿಷಕ್ಕೆ ಅಂಚಿಗೆ ತುಟಿ ಇಡಲು ಬರುತ್ತದೆಯೇ? ತಳದಲ್ಲಿ ಬೆಲ್ಲ ಸೀದು ಕೂತಿದೆಯೇ? ಮನೆಯ ಒಲೆಯ ಮೇಲೆ ಈ ಮೂರಕ್ಕೆ ಸರಿಯಾದ ಉತ್ತರ ಕೊಡದ ಮಗ್ ದೇವಿಮನೆ ಘಟ್ಟದ ಮಳೆಯಲ್ಲಿ ಇನ್ನಷ್ಟು ಕಾಡುತ್ತದೆ.

ಹಂತ 7: ಬಳಸುವಾಗ, ತೊಳೆಯುವಾಗ

ಹಳ್ಳದ ನೀರು ಎಷ್ಟೇ ತಿಳಿಯಾಗಿ ಕಂಡರೂ ಕೊತಕೊತ ಕುದಿ ಬಂದ ಮೇಲೆ ಪೂರ್ತಿ ಒಂದು ನಿಮಿಷ ಕುದಿಸಿ. ಒಲೆಯ ಮೇಲೆ ಇಡುವಾಗ ಹಿಡಿಕೆಯನ್ನು ಗಾಳಿ ಬರುವ ಕಡೆಗೆ ತಿರುಗಿಸಿ, ಜ್ವಾಲೆ ಅದರ ಎದುರು ದಿಕ್ಕಿಗೆ ಹೊರಳುವುದರಿಂದ ಹಿಡಿಕೆ ತಣ್ಣಗೆ ಉಳಿಯುತ್ತದೆ. ಗಾಳಿಗೆ ಮರೆ ಕಟ್ಟಬಹುದು, ಆದರೆ ಡಬ್ಬಿಯ ಮೇಲೆಯೇ ಕೂರುವ ಗ್ಯಾಸ್ ಒಲೆಯನ್ನು ಸುತ್ತಲೂ ಮುಚ್ಚಬೇಡಿ. ಡಬ್ಬಿ ಕಾದರೆ ಸ್ಫೋಟದ ಅಪಾಯವಿದೆ.

ಉಪ್ಪನ್ನು ತಣ್ಣೀರಿಗೆ ಹಾಕಬೇಡಿ. ಸಾಣಿಕಟ್ಟೆಯ ಹರಳುಪ್ಪಿನಂಥ ದಪ್ಪ ಉಪ್ಪು ಕರಗದೆ ತಳದಲ್ಲಿ ಕೂತರೆ ಒಳ್ಳೆಯ ಸ್ಟೀಲಿನಲ್ಲೂ ಸೂಜಿಮೊನೆಯಷ್ಟು ಗುಳಿ ಬೀಳುತ್ತದೆ. ನೀರು ಕುದಿಯತೊಡಗಿದ ಮೇಲೆ ಹಾಕಿ ಕದಡಿ. ಅದೇ ಕಾರಣಕ್ಕೆ ಸಮುದ್ರದ ನೀರಲ್ಲಿ ಮಗ್ ತೊಳೆದು ಹಾಗೇ ಚೀಲಕ್ಕೆ ತುಂಬಬಾರದು. ಕೊನೆಯ ಸಲ ಸಿಹಿನೀರು ಹಾಯಿಸಿ, ಬಟ್ಟೆಯಿಂದ ಒರೆಸಿ.

ಸೌದೆ ಒಲೆಗೆ ಇಡುವ ಮೊದಲು ಮಗ್‌ನ ಹೊರಮೈಗೆ ಮಣ್ಣು ಕಲಸಿ ತೆಳ್ಳಗೆ ಬಳಿಯಿರಿ. ನಮ್ಮ ಹಂಡೆ, ಚರಿಗೆಗಳಿಗೆ ಹಿರಿಯರು ಮಾಡುತ್ತಿದ್ದದ್ದೂ ಇದನ್ನೇ. ಮಸಿ ಮಣ್ಣಿಗೆ ಹತ್ತುತ್ತದೆ, ತೊಳೆದಾಗ ಅದರ ಜೊತೆಗೇ ಬಿಡುತ್ತದೆ. ಸ್ಟೀಲನ್ನು ತೆಂಗಿನ ನಾರು, ಬೂದಿಯಿಂದ ಉಜ್ಜಬಹುದು. ಅಲ್ಯೂಮಿನಿಯಂಗೆ ಮಾತ್ರ ಬೂದಿ ಬೇಡ, ಬೂದಿಯ ಕ್ಷಾರ ಅದನ್ನು ತಿನ್ನುತ್ತದೆ. ಕಬ್ಬಿಣದ ತಂತಿಯ ಉಂಡೆಯೂ ಬೇಡ. ಅದರ ಚೂರು ಸ್ಟೀಲಿನ ಮೇಲೆ ಉಳಿದು ತುಕ್ಕು ಹಿಡಿದರೆ ಮಗ್‌ಗೇ ತುಕ್ಕು ಬಂದಂತೆ ಕಾಣುತ್ತದೆ. ಕಾದ ಸ್ಟೀಲಿನ ಮೇಲೆ ಕಾಮನಬಿಲ್ಲಿನ ಬಣ್ಣ ಮೂಡಿದರೆ ಮುರುಗಲು ಸಿಪ್ಪೆಯಿಂದಲೋ ಹುಣಸೆಹಣ್ಣಿನಿಂದಲೋ ತಿಕ್ಕಿ, ಹೋಗುತ್ತದೆ.

ಗ್ಯಾಸ್ ಡಬ್ಬಿಯನ್ನು ಮಗ್ ಒಳಗೆ ಇಟ್ಟು ಒಯ್ಯುವವರು ನಡುವೆ ಒಂದು ಒಣ ಬಟ್ಟೆ ಹಾಕಿ. ಡಬ್ಬಿಯ ತಳದ ಅಂಚು ಸಾದಾ ಉಕ್ಕು. ಮಳೆಗಾಲದಲ್ಲಿ ಅದು ತೇವ ಹಿಡಿದು ಮಗ್‌ನ ತಳದಲ್ಲಿ ದುಂಡಗಿನ ತುಕ್ಕಿನ ಗೆರೆ ಮೂಡಿಸುತ್ತದೆ. ಮನೆಗೆ ಬಂದ ಮೇಲೆ ಡಬ್ಬಿ ಹೊರಗೆ ತೆಗೆದು, ಮುಚ್ಚಳ ಬೇರೆಯಾಗಿಟ್ಟು, ಮಗ್ ಅನ್ನು ಬೋರಲು ಹಾಕದೆ ಗಾಳಿಯಾಡುವಂತೆ ಇಡಿ. ಕೊಂಕಣ ರೈಲಿನಲ್ಲಿ ಬರುವವರು ಗ್ಯಾಸ್ ಡಬ್ಬಿಯನ್ನು ತರುವಂತಿಲ್ಲ, ಬೇಗ ಹೊತ್ತಿಕೊಳ್ಳುವ ಸಾಮಾನನ್ನು ರೈಲಿನಲ್ಲಿ ಒಯ್ಯುವುದು ನಿಷಿದ್ಧ. ಇಳಿದ ಊರಿನಲ್ಲೇ ಡಬ್ಬಿ ಸಿಗುವ ವ್ಯವಸ್ಥೆ ಮಾಡಿಕೊಳ್ಳಿ, ಇಲ್ಲವೇ ಸೌದೆ ಒಲೆ ಹಚ್ಚಲು ಒಪ್ಪುವ ಮನೆಯವರನ್ನು ಮೊದಲೇ ಕೇಳಿಟ್ಟುಕೊಳ್ಳಿ.